ಎಫ್‌ಸಿ ಇಲ್ಲ, ಟ್ಯಾಕ್ಸ್ ಬಾಕಿ, ಆದರೆ ಇನ್ಶೂರೆನ್ಸ್ ಐತಿ: ನಡೀತದೇನು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಈ ಊರುಗಳ ಗಾಡಿಗಳಿಗೆಲ್ಲ ಒಂದೇ ನಂಬರು, ಕೆಎ-48. ಅದು ಜಮಖಂಡಿ ಆರ್‌ಟಿಒ ಆಫೀಸಿನ ನಂಬರು. ನಮ್ಮ ಕ್ಯಾಂಪಸ್ ಪಾರ್ಕಿಂಗ್‌ನಲ್ಲೂ ಈ ನಂಬರಿನ ಬೈಕುಗಳು ಸಾಕಷ್ಟು ನಿಂತಿರುತ್ತವೆ. ಎಷ್ಟೋ ಬೈಕು ನಾವು ಕೊಂಡದ್ದಲ್ಲ. ಮೊದಲು ಅಪ್ಪಾಜಿ ಓಡಿಸಿ, ಆಮೇಲೆ ಅಣ್ಣ ಓಡಿಸಿ, ಈಗ ನಮ್ಮ ಕೈಗೆ ಬಂದವು. "ಪೇಪರ್ ಎಲ್ಲಾ ಸರಿ ಅದಾವೇನು?" ಅಂತ ಯಾರನ್ನಾದರೂ ಕೇಳಿ ನೋಡಿ. ಬರೋ ಉತ್ತರ ಒಂದೇ: "ಇನ್ಶೂರೆನ್ಸ್ ಐತಿ ಬಿಡಪಾ, ಮತ್ತೇನ್ ಬೇಕು?"

ಈ ಲೇಖನ ಆ "ಮತ್ತೇನ್ ಬೇಕು" ಅನ್ನೋದರ ಬಗ್ಗೆ. ಎಫ್‌ಸಿ ಮುಗಿದಿದ್ದರೆ, ಆರ್‌ಸಿಯ 15 ವರ್ಷ ದಾಟಿದ್ದರೆ, ಟ್ಯಾಕ್ಸ್ ಬಾಕಿ ಇದ್ದರೆ, ಕಟ್ಟಿರೋ ಇನ್ಶೂರೆನ್ಸ್ ಉಳಿಯುತ್ತಾ, ಹೋಗುತ್ತಾ? ಹಾಸ್ಟೆಲ್‌ನಲ್ಲಿ ಇದರ ಬಗ್ಗೆ ಎರಡು ಪಕ್ಷ ಇವೆ. ಒಂದು ಪಕ್ಷ "ಪ್ರೀಮಿಯಂ ತಗೊಂಡಾರ, ಕೊಡಲೇಬೇಕು" ಅನ್ನುತ್ತೆ. ಇನ್ನೊಂದು ಪಕ್ಷ "ಒಂದು ಪೇಪರ್ ಇಲ್ಲಾಂದ್ರೂ ಎಲ್ಲಾ ಕ್ಯಾನ್ಸಲ್" ಅನ್ನುತ್ತೆ. ಕಾನೂನು ಮತ್ತು ಕೋರ್ಟ್ ತೀರ್ಪುಗಳನ್ನು ನೋಡಿದರೆ ಎರಡೂ ಪೂರ್ತಿ ಸರಿ ಅಲ್ಲ.

ಚಿಕ್ಕ ಉತ್ತರ ಇದು: ಪಾಲಿಸಿ ತಾನಾಗಿ ಸಾಯೋದಿಲ್ಲ. ಆದರೆ ಪಾಲಿಸಿಯೊಳಗೆ ಎರಡು ಬೇರೆ ಬೇರೆ ಮಾತು ಇವೆ. ಒಂದು ಮಾತನ್ನು ಕಂಪನಿ ಬಹುತೇಕ ಉಳಿಸಿಕೊಳ್ಳಲೇಬೇಕು, ಆದರೆ ಆಮೇಲೆ ಆ ಹಣವನ್ನು ನಮ್ಮ ಮನೆಯಿಂದ ವಸೂಲಿ ಮಾಡಬಹುದು. ಇನ್ನೊಂದು ಮಾತನ್ನು ಅದು ನಿರಾಕರಿಸಲೂಬಹುದು. ಉದ್ದದ ಉತ್ತರ ಕೆಳಗಿದೆ.

ಮೊದಲು, ಯಾವ ಗಾಡಿಗೆ ಯಾವ ಪೇಪರ್?

ನಮ್ಮ ಕಡೆ "ಎಫ್‌ಸಿ" ಅನ್ನೋ ಒಂದೇ ಪದವನ್ನು ಎಲ್ಲದಕ್ಕೂ ಹಚ್ಚುತ್ತೇವೆ. ಕಾನೂನಿನಲ್ಲಿ ಎರಡು ಬೇರೆ ಸಂಗತಿ ಇವೆ.

ಟಾಟಾ ಏಸ್, ಲಾರಿ, ಆಟೋ, ಟ್ಯಾಕ್ಸಿ, ಬಸ್ಸು, ಇವು ಸಾರಿಗೆ ವಾಹನಗಳು, ಅಂದರೆ ಬಾಡಿಗೆಗೆ ಅಥವಾ ಸರಕು ಸಾಗಿಸಲು ಓಡೋ ಗಾಡಿಗಳು. ಇವುಗಳಿಗೆ ಫಿಟ್ನೆಸ್ ಸರ್ಟಿಫಿಕೇಟ್ ಕಡ್ಡಾಯ. 2018ರ ತಿದ್ದುಪಡಿ ಪ್ರಕಾರ ಗಾಡಿಗೆ 8 ವರ್ಷ ಆಗೋತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಮೋಟಾರು ವಾಹನ ಕಾಯ್ದೆ 1988ರ 56ನೇ ಕಲಂ ಇಲ್ಲಿ ಒಂದು ಮುಖ್ಯ ಮಾತು ಹೇಳುತ್ತೆ: ಸಾರಿಗೆ ವಾಹನಕ್ಕೆ ಎಫ್‌ಸಿ ಇಲ್ಲದಿದ್ದರೆ ಅದರ ನೋಂದಣಿಯೇ ಸಿಂಧು ಅಲ್ಲ ಅಂತ ಲೆಕ್ಕ. ಈ ಸಾಲನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಸ್ವಂತ ಬೈಕು, ಸ್ವಂತ ಕಾರಿಗೆ ಹೀಗೆ ವರ್ಷ ವರ್ಷ ಎಫ್‌ಸಿ ಇಲ್ಲ. ಅವುಗಳ ಆರ್‌ಸಿಯೇ 15 ವರ್ಷ ನಡೆಯುತ್ತೆ. 15 ಮುಗಿದ ಮೇಲೆ ಗಾಡಿಯನ್ನು ಆರ್‌ಟಿಒಗೆ ಒಯ್ದು, ಜನ ಬ್ರೇಕ್ ಇನ್‌ಸ್ಪೆಕ್ಟರ್ ಅಂತ ಕರೆಯೋ ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸಿ, ಆರ್‌ಸಿಯನ್ನು 5 ವರ್ಷಕ್ಕೆ ನವೀಕರಿಸಬೇಕು. ಮುಗಿಯೋ 60 ದಿನ ಮೊದಲಿನಿಂದಲೇ ಅರ್ಜಿ ಹಾಕಬಹುದು. ಊರಲ್ಲಿ "ಬೈಕಿನ ಎಫ್‌ಸಿ ಮಾಡಿಸಬೇಕು" ಅಂದರೆ ಅದು ಇದೇ.

ಟ್ಯಾಕ್ಸ್ ಬೇರೆ ಲೆಕ್ಕ. ಅದು ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆ 1957ರ ಪ್ರಕಾರ ರಾಜ್ಯ ಸರ್ಕಾರಕ್ಕೆ ಹೋಗೋದು. ಸ್ವಂತ ಬೈಕು, ಕಾರಿಗೆ ಕೊಳ್ಳುವಾಗಲೇ ಜೀವಿತಾವಧಿ ತೆರಿಗೆ ಕಟ್ಟಿರುತ್ತೇವೆ, ಅದಕ್ಕೇ ನಮಗೆ ಅದರ ನೆನಪೇ ಇರೋದಿಲ್ಲ. 15 ವರ್ಷದ ನಂತರ ನವೀಕರಣದ ಹೊತ್ತಿಗೆ ಹಸಿರು ತೆರಿಗೆ ಸೇರಿಕೊಳ್ಳುತ್ತೆ. ಸಾರಿಗೆ ವಾಹನಗಳಲ್ಲಿ ಅನೇಕಕ್ಕೆ ಮೂರು ತಿಂಗಳಿಗೊಮ್ಮೆ ಕಟ್ಟೋ ತೆರಿಗೆ ಇರುತ್ತೆ. ಬಾಕಿ ಬೀಳೋದು ಹೆಚ್ಚಾಗಿ ಅಲ್ಲೇ.

ಒಂದು ಪಾಲಿಸಿ, ಎರಡು ಮಾತು

ಇನ್ಶೂರೆನ್ಸ್ ಅನ್ನು ನಾವು ಆ್ಯಂಡ್ ಗೇಟ್ ಥರ ಯೋಚನೆ ಮಾಡ್ತೀವಿ. ಎಲ್ಲಾ ಇನ್‌ಪುಟ್ ಒಂದಾದರೆ ಔಟ್‌ಪುಟ್ ಒಂದು, ಒಂದು ಸೊನ್ನೆಯಾದರೂ ಔಟ್‌ಪುಟ್ ಸೊನ್ನೆ. ವಾಸ್ತವದಲ್ಲಿ ಅಲ್ಲಿ ಎರಡು ಬೇರೆ ಸರ್ಕ್ಯೂಟ್ ಇವೆ.

ಮೊದಲನೆಯದು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ, ಜೀವ ಹೋದರೆ, ಅವರ ಮನೆಯವರಿಗೆ ಕೊಡೋ ಪರಿಹಾರ. ಕಾಯ್ದೆಯ 146ನೇ ಕಲಂ ಪ್ರಕಾರ ಕಡ್ಡಾಯ ಇರೋದು ಇದೊಂದೇ. ಇದನ್ನು ಕಡ್ಡಾಯ ಮಾಡಿದ್ದು ಗಾಡಿ ಮಾಲೀಕನ ಸಲುವಾಗಿ ಅಲ್ಲ, ರಸ್ತೆ ಮೇಲೆ ನಡೆದುಹೋಗೋ ಮನುಷ್ಯನ ಸಲುವಾಗಿ.

ಎರಡನೆಯದು ಓನ್ ಡ್ಯಾಮೇಜ್. ನಮ್ಮದೇ ಗಾಡಿ ಜಖಂ ಆದರೆ, ಸುಟ್ಟರೆ, ಕಳುವಾದರೆ ನಮಗೆ ಬರೋ ಹಣ. ಇದು ಪೂರ್ತಿ ನಮ್ಮ ಮತ್ತು ಕಂಪನಿಯ ನಡುವಿನ ಒಪ್ಪಂದ.

ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇವೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ 5 ವರ್ಷದ, ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಪಾಲಿಸಿ ಕೊಳ್ಳುವಾಗಲೇ ಕಡ್ಡಾಯ ಆಯಿತು. ಓನ್ ಡ್ಯಾಮೇಜ್ ಮಾತ್ರ ಅನೇಕರಿಗೆ ಮೊದಲ ಒಂದು ವರ್ಷಕ್ಕೆ ಇರುತ್ತೆ. ಹಾಗಾಗಿ "ಐದು ವರ್ಷ ಇನ್ಶೂರೆನ್ಸ್ ಐತಿ" ಅನ್ನೋ ಗೆಳೆಯನ ಬೈಕಿಗೆ ಎರಡನೇ ವರ್ಷದಿಂದ ಓನ್ ಡ್ಯಾಮೇಜ್ ಇಲ್ಲದೇ ಇರಬಹುದು. ಎಫ್‌ಸಿ, ಟ್ಯಾಕ್ಸ್ ಪ್ರಶ್ನೆ ಬರೋ ಮೊದಲೇ ಅಲ್ಲಿ ಕ್ಲೇಮ್ ಮಾಡೋಕೆ ಏನೂ ಇರೋದಿಲ್ಲ.

ಬೇರೆಯವರಿಗೆ ಪೆಟ್ಟಾದಾಗ

ಥರ್ಡ್ ಪಾರ್ಟಿ ಪರಿಹಾರ ಕೊಡದೆ ತಪ್ಪಿಸಿಕೊಳ್ಳಲು ಕಂಪನಿ ಯಾವ ಕಾರಣ ಹೇಳಬಹುದು ಅನ್ನೋದನ್ನು ಕಾಯ್ದೆಯೇ ಪಟ್ಟಿ ಮಾಡಿದೆ. ಮೊದಲು ಅದು 149ನೇ ಕಲಂನಲ್ಲಿತ್ತು, 2019ರ ತಿದ್ದುಪಡಿ ಜಾರಿಯಾದ ಮೇಲೆ 150ನೇ ಕಲಂ. ಪಟ್ಟಿಯಲ್ಲಿ ಇರೋದು: ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸೋದು, ಪರ್ಮಿಟ್ ಒಪ್ಪದ ಕೆಲಸಕ್ಕೆ ಬಳಸೋದು, ರೇಸ್, ಲೈಸೆನ್ಸ್ ಇಲ್ಲದವರು ಓಡಿಸೋದು, ಕುಡಿದು ಓಡಿಸೋದು, ಸುಳ್ಳು ಮಾಹಿತಿ ಕೊಟ್ಟು ಪಾಲಿಸಿ ಪಡೆಯೋದು, ಪ್ರೀಮಿಯಂ ಹಣ ಕಂಪನಿಗೆ ತಲುಪದೇ ಇರೋದು, ಇಂಥವು. "ರೋಡ್ ಟ್ಯಾಕ್ಸ್ ಬಾಕಿ" ಅನ್ನೋದು ಆ ಪಟ್ಟಿಯಲ್ಲಿ ಇಲ್ಲ. "ಎಫ್‌ಸಿ ಮುಗಿದಿದೆ" ಅನ್ನೋದೂ ಇಲ್ಲ.

ಹಾಗಂತ ಮಾಲೀಕ ಬಚಾವ್ ಅಂತ ಅಲ್ಲ. ಕಂಪನಿಗಳು ಕೋರ್ಟಿನಲ್ಲಿ ಮೇಲೆ ಹೇಳಿದ 56ನೇ ಕಲಂ ಹಿಡಿದು ವಾದ ಮಾಡುತ್ತವೆ: ಎಫ್‌ಸಿ ಇಲ್ಲ ಅಂದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದ ಗಾಡಿ ರಸ್ತೆಗೆ ಬರಲೇಬಾರದಿತ್ತು. 2018ರ ಅಕ್ಟೋಬರ್‌ನಲ್ಲಿ ಕೇರಳ ಹೈಕೋರ್ಟಿನ ಪೂರ್ಣ ಪೀಠ ಈ ವಾದವನ್ನು ಒಪ್ಪಿತು. ಸಾರಿಗೆ ವಾಹನಕ್ಕೆ ಎಫ್‌ಸಿ, ಪರ್ಮಿಟ್ ಇಲ್ಲದಿರೋದು ಸಣ್ಣ ಲೋಪ ಅಲ್ಲ, ಮೂಲಭೂತ ಉಲ್ಲಂಘನೆ ಅಂದಿತು. ಆದರೆ ಅದರ ಪರಿಣಾಮವಾಗಿ ಕಂಪನಿಗೆ ಸಿಕ್ಕದ್ದು ಪೆಟ್ಟಾದವರಿಗೆ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳೋ ಹಕ್ಕು.

ಇದಕ್ಕೆ ಕೋರ್ಟಿನ ಭಾಷೆಯಲ್ಲಿ "ಪೇ ಅಂಡ್ ರಿಕವರ್" ಅಂತಾರೆ. ಮೊದಲು ಕೊಡು, ಆಮೇಲೆ ವಸೂಲಿ ಮಾಡು. ಲೈಸೆನ್ಸ್ ವಿಷಯದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪನಿಯ ಪ್ರಕರಣದಲ್ಲಿ ಇದನ್ನು ವಿವರವಾಗಿ ಹೇಳಿತು. 2018ರಲ್ಲಿ ಪರ್ಮಿಟ್ ಇಲ್ಲದ ಲಾರಿಯ ಪ್ರಕರಣದಲ್ಲೂ ಅದೇ ದಾರಿ ಹಿಡಿಯಿತು. ನಮ್ಮ ಭಾಗಕ್ಕೆ ಹತ್ತಿರದ್ದು ಅಂದರೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದಲ್ಲಿ 2020ರ ಮೇ ತಿಂಗಳಲ್ಲಿ ಬಂದ ಪೂರ್ಣ ಪೀಠದ ತೀರ್ಪು. ಪಾಲಿಸಿಯ ಷರತ್ತು ಮುರಿದಿದ್ದರೂ ಕಂಪನಿ ಮೊದಲು ಥರ್ಡ್ ಪಾರ್ಟಿಗೆ ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲಿ ಮಾಡಬೇಕು ಅಂತ, ಹಳೇ 149ನೇ ಕಲಂ ಮೇಲೆ, ಅದು ಹೇಳಿತು. ಬಾಗಲಕೋಟೆ ಜಿಲ್ಲೆಯ ಅಪಘಾತ ಪ್ರಕರಣಗಳ ಮೇಲ್ಮನವಿ ಹೋಗೋದೂ ಅದೇ ಧಾರವಾಡ ಪೀಠಕ್ಕೆ.

ಪೆಟ್ಟಾದವರ ಕಡೆಯಿಂದ ನೋಡಿದರೆ ಇದು ನ್ಯಾಯವೇ. ರಸ್ತೆ ದಾಟೋ ಅಜ್ಜಿಗೆ ಎದುರಿಗೆ ಬರೋ ಟೆಂಪೋದ ಎಫ್‌ಸಿ ಯಾವಾಗ ಮುಗಿದಿದೆ ಅಂತ ಗೊತ್ತಿರೋಕೆ ಸಾಧ್ಯವೇ ಇಲ್ಲ.

ಈಗ ನಮ್ಮ ಮನೆ ಕಡೆಯಿಂದ ನೋಡೋಣ. ಉದಾಹರಣೆಗೆ ಟ್ರಿಬ್ಯೂನಲ್ 12 ಲಕ್ಷ ಪರಿಹಾರ ಬರೆಯಿತು ಅಂದುಕೊಳ್ಳಿ. ಕಂಪನಿ ಅದನ್ನು ಕಟ್ಟುತ್ತೆ. ವಸೂಲಿಯ ಹಕ್ಕು ಸಿಕ್ಕಿದ್ದರೆ, ಅದಕ್ಕೆ ಬೇರೆ ದಾವೆ ಹೂಡೋ ಅಗತ್ಯ ಇಲ್ಲ, ಅದೇ ಆದೇಶದ ಮೇಲೆ ಜಾರಿ ಅರ್ಜಿ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಆಗ ನೋಟಿಸ್ ಯಾರ ಹೆಸರಿಗೆ ಬರುತ್ತೆ? ಗಾಡಿ ಹೊಡೆದವರು ನಾವಿರಬಹುದು, ಆರ್‌ಸಿ ಇರೋದು ಅಪ್ಪಾಜಿ ಹೆಸರಲ್ಲಿ. ಹೊಲದ ಉತಾರ ಇರೋದೂ ಅವರ ಹೆಸರಲ್ಲೇ. "ಇನ್ಶೂರೆನ್ಸ್ ಐತಿ" ಅನ್ನೋ ಮಾತು ನಿಜವಾಗಿದ್ದುಕೊಂಡೇ ಮನೆಯ ಎರಡು ಎಕರೆ ಹೋಗೋ ದಾರಿ ಇದು.

ನಮ್ಮದೇ ಗಾಡಿಗೆ ಪೆಟ್ಟಾದಾಗ

ಇಲ್ಲಿ ಕೋರ್ಟುಗಳು ಇನ್ನೂ ಬಿಗಿ. ಎರಡು ಪ್ರಕರಣ ನೋಡೋಣ. ಎರಡರಲ್ಲೂ ಪ್ರೀಮಿಯಂ ಕಟ್ಟಿತ್ತು, ಪಾಲಿಸಿ ಚಾಲ್ತಿಯಲ್ಲಿತ್ತು.

ಮೊದಲನೆಯದರಲ್ಲಿ ಒಂದು ಮಹೀಂದ್ರಾ ಪಿಕಪ್. ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಂಪನಿಯ ಪಾಲಿಸಿ 2005ರ ಡಿಸೆಂಬರ್ 12ರಿಂದ ಒಂದು ವರ್ಷಕ್ಕೆ ಇತ್ತು. ತಾತ್ಕಾಲಿಕ ನೋಂದಣಿ 2006ರ ಜನವರಿ 11ಕ್ಕೆ ಮುಗಿಯಿತು. ಮಾಲೀಕ ಕಾಯಂ ನೋಂದಣಿ ಮಾಡಿಸಿರಲಿಲ್ಲ. ಫೆಬ್ರವರಿ 2ರಂದು ಅಪಘಾತ. ಅಂದರೆ ತಡ ಆಗಿದ್ದು 22 ದಿನ. ಗ್ರಾಹಕ ವೇದಿಕೆಗಳನ್ನೆಲ್ಲ ದಾಟಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಸೆಪ್ಟೆಂಬರ್‌ನಲ್ಲಿ ಕೋರ್ಟ್ ಹೇಳಿದ್ದು: ನೋಂದಣಿ ಇಲ್ಲದ ಗಾಡಿಯನ್ನು ರಸ್ತೆ ಮೇಲೆ ಓಡಿಸೋದು 192ನೇ ಕಲಂ ಪ್ರಕಾರ ಅಪರಾಧ ಮಾತ್ರ ಅಲ್ಲ, ಪಾಲಿಸಿ ಒಪ್ಪಂದದ ಮೂಲಭೂತ ಉಲ್ಲಂಘನೆಯೂ ಹೌದು. ಕ್ಲೇಮ್ ಸಿಗಲಿಲ್ಲ.

ಎರಡನೆಯದರಲ್ಲಿ ಒಂದು ಬೊಲೆರೊ, ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಪಾಲಿಸಿ. ತಾತ್ಕಾಲಿಕ ನೋಂದಣಿ 2011ರ ಜುಲೈ 19ಕ್ಕೆ ಮುಗಿದಿತ್ತು. ಜುಲೈ 28ರಂದು ಜೋಧ್‌ಪುರದಲ್ಲಿ ಗಾಡಿ ಕಳುವಾಯಿತು. ಕಳುವಿಗೂ ನೋಂದಣಿಗೂ ಏನು ಸಂಬಂಧ ಅಂತ ಯಾರಾದರೂ ಕೇಳುತ್ತಾರೆ. ಆದರೆ ಸಿಂಧು ನೋಂದಣಿ ಇಲ್ಲದ ಗಾಡಿ ಬೇರೆ ಊರಿಗೆ ಓಡಿಸಿಕೊಂಡು ಹೋಗಿ ಅಲ್ಲಿ ಕಳುವಾಗಿದೆ, ಅದೇ ಉಲ್ಲಂಘನೆ ಅಂತ 2021ರ ಸೆಪ್ಟೆಂಬರ್ 30ರಂದು ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟಿತು.

ಇವೆರಡೂ ತಾತ್ಕಾಲಿಕ ನೋಂದಣಿಯ ಪ್ರಕರಣಗಳು, ನಮ್ಮದು ಹಳೇ ಬೈಕು ಅಲ್ವಾ ಅನ್ನಬಹುದು. ತರ್ಕ ಮಾತ್ರ ಹಾಗೇ ಬಂದು ಕೂರುತ್ತೆ. 15 ವರ್ಷ ಮುಗಿದು ನವೀಕರಿಸದ ಆರ್‌ಸಿ ಅಂದರೆ ಸಿಂಧು ನೋಂದಣಿ ಇಲ್ಲ. ಎಫ್‌ಸಿ ಇಲ್ಲದ ಸಾರಿಗೆ ವಾಹನ ಅಂದರೆ 56ನೇ ಕಲಂ ಪ್ರಕಾರ ಸಿಂಧು ನೋಂದಣಿ ಇಲ್ಲ. ಕಂಪನಿಯ ವಕೀಲರಿಗೆ ಹೊಸ ವಾದ ಹುಡುಕೋ ಕೆಲಸವೇ ಇಲ್ಲ.

ಹಾಗಾದರೆ ಸಣ್ಣ ತಪ್ಪಿಗೂ ಎಲ್ಲಾ ಹೋಗುತ್ತಾ? ಅದೂ ಇಲ್ಲ. ಹಾಸನದ ಒಂದು ಪ್ರಕರಣ ಇದೆ, ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಮಾನಿಸಿದ್ದು. ಸರಕು ವಾಹನದಲ್ಲಿ 6 ಜನ ಕೆಲಸದವರಿಗೆ ಅವಕಾಶ ಇದ್ದಾಗ 9 ಜನ ಇದ್ದರು ಅಂತ ಓರಿಯಂಟಲ್ ಇನ್ಶೂರೆನ್ಸ್ ಗಾಡಿಯ ಜಖಂ ಹಣ ಕೊಡಲು ಒಪ್ಪಲಿಲ್ಲ. ಹೆಚ್ಚಿನ ಜನ ಇದ್ದದ್ದರಿಂದ ಅಪಘಾತ ಆಗಲಿಲ್ಲ, ಒಪ್ಪಂದವನ್ನೇ ಮುಗಿಸುವಂಥ ಮೂಲಭೂತ ಉಲ್ಲಂಘನೆ ಅದಲ್ಲ ಅಂತ ಕೋರ್ಟ್ ಮಾಲೀಕನಿಗೆ ಹಣ ಕೊಡಿಸಿತು. 2008 ಮತ್ತು 2010ರ ಇನ್ನೆರಡು ತೀರ್ಪುಗಳಲ್ಲಿ, ಸ್ವಂತದ ಗಾಡಿಯನ್ನು ಬಾಡಿಗೆಗೆ ಬಳಸಿದ್ದರೂ ಪೂರ್ತಿ ತಿರಸ್ಕರಿಸದೆ ಶೇ. 75ರಷ್ಟು ಕೊಡಿ ಅಂದಿದೆ.

ಹೀಗಾಗಿ ಕೋರ್ಟ್ ಕೇಳೋ ಪ್ರಶ್ನೆ ಇದು: ತಪ್ಪು ಗಾಡಿ ಬಳಸೋ ರೀತಿಯಲ್ಲಿ ಆಗಿದೆಯಾ, ಇಲ್ಲಾ ಗಾಡಿ ರಸ್ತೆಗೆ ಬರೋ ಹಕ್ಕೇ ಇರಲಿಲ್ಲವಾ? ಮೊದಲನೆಯದಾದರೆ ವಾದಕ್ಕೆ ಜಾಗ ಇದೆ. ಎರಡನೆಯದಾದರೆ ಜಾಗ ತುಂಬಾ ಕಡಿಮೆ.

ಟ್ಯಾಕ್ಸ್ ಇದರಲ್ಲಿ ಎಲ್ಲಿ ಬರುತ್ತೆ?

ಟ್ಯಾಕ್ಸ್ ನಮ್ಮ ಮತ್ತು ಸರ್ಕಾರದ ನಡುವಿನ ಸಾಲ. ಇನ್ಶೂರೆನ್ಸ್ ಕಂಪನಿಗೆ ಅದರಲ್ಲಿ ನೇರ ಪಾತ್ರ ಇಲ್ಲ. ಬೈಕು, ಕಾರಿನ ಸಾಮಾನ್ಯ ಪಾಲಿಸಿ ಪತ್ರ ತೆಗೆದು ಓದಿ. ಗಾಡಿಯನ್ನು ಸುಸ್ಥಿತಿಯಲ್ಲಿ ಇಡಬೇಕು, ಲೈಸೆನ್ಸ್ ಇದ್ದವರು ಓಡಿಸಬೇಕು, ಹೇಳಿದ ಉದ್ದೇಶಕ್ಕೆ ಬಳಸಬೇಕು, ಇವು ಸಿಗುತ್ತವೆ. "ರೋಡ್ ಟ್ಯಾಕ್ಸ್ ಕಟ್ಟಿರಬೇಕು" ಅನ್ನೋ ಷರತ್ತು ಅಲ್ಲಿ ಸಿಗೋದಿಲ್ಲ. ಮೂರು ತಿಂಗಳ ತೆರಿಗೆ ಬಾಕಿ ಇದ್ದ ದಿನವೇ ಅಪಘಾತ ಆದರೆ, ಅದೊಂದೇ ಕಾರಣಕ್ಕೆ ಪಾಲಿಸಿ ರದ್ದಾಗೋದಿಲ್ಲ.

ಆದರೆ ಟ್ಯಾಕ್ಸ್ ಒಂಟಿಯಾಗಿ ಬಾಕಿ ಉಳಿಯೋದು ಕಡಿಮೆ. ಟ್ಯಾಕ್ಸ್ ಬಾಕಿ ಇದ್ದರೆ ಆರ್‌ಟಿಒದಲ್ಲಿ ಎಫ್‌ಸಿ ಆಗೋದಿಲ್ಲ. ಎಫ್‌ಸಿ ಆಗದಿದ್ದರೆ ನೋಂದಣಿ ಸಿಂಧು ಅಲ್ಲ. ನೋಂದಣಿ ಸಿಂಧು ಅಲ್ಲದಿದ್ದರೆ 2014ರ ತೀರ್ಪು ಕಾದು ಕೂತಿದೆ. "ಟ್ಯಾಕ್ಸ್ ಮುಂದಿನ ತಿಂಗಳ ಕಟ್ಟೋಣ, ಕಬ್ಬಿನ ಬಿಲ್ ಬರಲಿ" ಅಂತ ಶುರುವಾದದ್ದು ಆರು ತಿಂಗಳಲ್ಲಿ ಕ್ಲೇಮ್ ತಿರಸ್ಕಾರಕ್ಕೆ ಬಂದು ನಿಲ್ಲೋದು ಹೀಗೆ. ಟ್ಯಾಕ್ಸ್ ತಾನೇ ಇನ್ಶೂರೆನ್ಸ್ ಕೆಡಿಸೋದಿಲ್ಲ, ಕೆಡಿಸೋ ಪೇಪರಿನ ತನಕ ಕರೆದುಕೊಂಡು ಹೋಗುತ್ತೆ.

ನಮ್ಮೂರಿನ ನಾಲ್ಕು ಗಾಡಿಗಳು

ಒಂದು, ಹಳೇ ಬೈಕು. 2010ರಲ್ಲಿ ನೋಂದಣಿ ಆದ ಬೈಕಿಗೆ 2025ಕ್ಕೆ 15 ತುಂಬಿತು. ನಮ್ಮ ಪಾರ್ಕಿಂಗ್‌ನಲ್ಲಿ ಈ ವಯಸ್ಸಿನ ಗಾಡಿಗಳೇ ಇದ್ದಾವೆ. ಬೈಕಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ 1,000 ರೂ. ಮಾಡಿತು, ಕಾರಿಗೆ 5,000 ರೂ. ತಡ ಮಾಡಿದರೆ ಬೈಕಿಗೆ ತಿಂಗಳಿಗೆ 300 ರೂ., ಕಾರಿಗೆ 500 ರೂ. ಹೆಚ್ಚುವರಿ. ಆನ್‌ಲೈನ್‌ನಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಐದು ನಿಮಿಷದಲ್ಲಿ ಸಿಗುತ್ತೆ. 75 ಸಿಸಿ ದಾಟಿದ, 150 ಸಿಸಿ ಒಳಗಿನ ಬೈಕಿಗೆ 2022ರ ದರದಲ್ಲಿ 714 ರೂ., ಜೊತೆಗೆ ಜಿಎಸ್‌ಟಿ. ಆ ಐದು ನಿಮಿಷದಲ್ಲಿ ಪಾಲಿಸಿ ಬಂತು ಅಂದ ಮಾತ್ರಕ್ಕೆ ಆರ್‌ಸಿ ಸರಿ ಇದೆ ಅಂತ ಕಂಪನಿ ಒಪ್ಪಿಕೊಂಡ ಹಾಗೆ ಆಗೋದಿಲ್ಲ. ಇನ್ನೊಂದು ವಿಷಯ: ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಹಿಂದೆ ಕೂತ ಗೆಳೆಯನಿಗೆ ಅದು ಅನ್ವಯ ಆಗೋದಿಲ್ಲ ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಕಾಲೇಜಿಗೆ ಡಬಲ್ ಸೀಟ್ ಬರೋರು ಇದನ್ನು ಗೊತ್ತು ಮಾಡಿಕೊಂಡಿರಬೇಕು.

ಎರಡು, ಕಬ್ಬಿನ ಟ್ರ್ಯಾಕ್ಟರ್. ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಬೀಳಗಿ ರಸ್ತೆಗಳ ಮೇಲೆ ಎರಡೆರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರ್‌ಗಳದೇ ರಾಜ್ಯ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕೃಷಿ ಟ್ರ್ಯಾಕ್ಟರ್ ಸಾರಿಗೆ ವಾಹನ ಅಲ್ಲ. ಆದರೆ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಅದಕ್ಕೆ ಬೇರೆ ನೋಂದಣಿ ಬೇಕು, ಪಾಲಿಸಿಯಲ್ಲಿ ಅದನ್ನೂ ಸೇರಿಸಿರಬೇಕು. 2005ರಲ್ಲಿ ಕರ್ನಾಟಕ ಸರ್ಕಾರ ಮತ್ತು ಒಂದು ಸಾಗಣೆ ಕಂಪನಿಯ ನಡುವಿನ ಪ್ರಕರಣದಲ್ಲಿ, ಸರಕು ಸಾಗಿಸೋ ಟ್ರ್ಯಾಕ್ಟರ್-ಟ್ರೇಲರ್ ಜೋಡಿ ಸರಕು ವಾಹನವೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ಸ್ವಂತ ಹೊಲದ ಕಬ್ಬು ಒಯ್ಯೋದು ಬೇರೆ, ಬಾಡಿಗೆ ಮೇಲೆ ಬೇರೆಯವರ ಕಬ್ಬು ಹೊಡೆಯೋದು ಬೇರೆ. ಪಾಲಿಸಿಯಲ್ಲಿ ಕೃಷಿ ಕೆಲಸಕ್ಕೆ ಮಾತ್ರ ಅಂತಿದ್ದು, ಟ್ರ್ಯಾಕ್ಟರ್ ಬಾಡಿಗೆಗೆ ಓಡುತ್ತಿದ್ದರೆ, ಪರ್ಮಿಟ್ ಇಲ್ಲದ ಬಾಡಿಗೆ ಅನ್ನೋ ಕಾರಣ 150ನೇ ಕಲಂನ ಪಟ್ಟಿಯಲ್ಲೇ ಇದೆ. ರಾತ್ರಿ ರಿಫ್ಲೆಕ್ಟರ್ ಇಲ್ಲದ ಟ್ರೇಲರ್‌ಗೆ ಹಿಂದಿನಿಂದ ಬೈಕು ಬಂದು ಬಡಿಯೋ ಸುದ್ದಿ ನಮ್ಮ ಭಾಗದಲ್ಲಿ ಹೊಸದಲ್ಲ. ಆ ಬೈಕಿನ ಮೇಲೆ ನಾವೂ ಇರಬಹುದು, ಆ ಟ್ರ್ಯಾಕ್ಟರ್ ನಮ್ಮ ಕಾಕಾನದೂ ಇರಬಹುದು.

ಮೂರು, ಟಾಟಾ ಏಸ್. ರಬಕವಿ-ಬನಹಟ್ಟಿಯಲ್ಲಿ ನೂಲಿನ ಚೀಲ, ಸೀರೆ ಗಂಟು ಹೊತ್ತು ಓಡಾಡೋದು ಇಂಥ ಸಣ್ಣ ಸರಕು ಗಾಡಿಗಳೇ. ಇವುಗಳಿಗೆ ಎಫ್‌ಸಿ, ತೆರಿಗೆ, ಇನ್ಶೂರೆನ್ಸ್ ಮೂರೂ ಬೇರೆ ಬೇರೆ ತಾರೀಕಿಗೆ ಮುಗಿಯುತ್ತವೆ. ನೇಕಾರಿಕೆ ಮಂದ ಇರೋ ತಿಂಗಳಲ್ಲಿ ಮಾಲೀಕರು ಇನ್ಶೂರೆನ್ಸ್ ಒಂದನ್ನು ಕಟ್ಟಿ ಎಫ್‌ಸಿ ಮುಂದಕ್ಕೆ ಹಾಕೋದು ಸಹಜ, ಯಾಕಂದ್ರೆ ಎಫ್‌ಸಿಗೆ ಟೈರು, ಬ್ರೇಕು, ಪೇಂಟು ಅಂತ ಖರ್ಚು ಬರುತ್ತೆ. ಈ ಲೇಖನದ ಎಲ್ಲಾ ಗಾಡಿಗಳಲ್ಲಿ ಹೆಚ್ಚು ಅಪಾಯದಲ್ಲಿ ಇರೋದು ಇದೇ. 56ನೇ ಕಲಂ ನೇರ ಅನ್ವಯ ಆಗೋದು ಇದಕ್ಕೆ, ಮನೆಯ ದುಡಿಮೆ ನಿಂತಿರೋದೂ ಇದರ ಮೇಲೆ.

ನಾಲ್ಕು, ಸಾಂಗ್ಲಿ, ಕೊಲ್ಹಾಪುರದಿಂದ ತಂದ ಸೆಕೆಂಡ್ ಹ್ಯಾಂಡ್ ಕಾರು. ಎಂಎಚ್-10, ಎಂಎಚ್-09 ನಂಬರು ನಮ್ಮ ಊರುಗಳಲ್ಲಿ ಹೊಸದಲ್ಲ. 47ನೇ ಕಲಂ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕು, ಕರ್ನಾಟಕದ ತೆರಿಗೆಯನ್ನೂ ಕಟ್ಟಬೇಕು. ಕಟ್ಟದಿದ್ದರೆ ಆರ್‌ಟಿಒದವರು ಹಿಡಿಯಬಹುದು. ಆದರೆ ಮಹಾರಾಷ್ಟ್ರದ ನೋಂದಣಿ ಅವಧಿ ಮುಗಿದಿಲ್ಲ, ಆದ್ದರಿಂದ ಗಾಡಿಗೆ ನೋಂದಣಿಯೇ ಇಲ್ಲ ಅನ್ನೋ ವಾದ ಇಲ್ಲಿ ನೇರವಾಗಿ ಕೂರೋದಿಲ್ಲ. ಇಲ್ಲಿನ ನಿಜವಾದ ತೊಂದರೆ ಹೆಸರಿನದು. ಮಾಲೀಕತ್ವ ಬದಲಾದಾಗ ಥರ್ಡ್ ಪಾರ್ಟಿ ಭಾಗ ತಾನಾಗಿ ಹೊಸ ಮಾಲೀಕನಿಗೆ ಬರುತ್ತೆ, ಓನ್ ಡ್ಯಾಮೇಜ್ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. 14 ದಿನದೊಳಗೆ ಪಾಲಿಸಿಯಲ್ಲಿ ಹೆಸರು ಬದಲಿಸಲು ಅರ್ಜಿ ಕೊಡಬೇಕು. ಮಾರಿದವರಿಗೂ ಒಂದು ಮಾತು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಅಂತ 2018ರ ತೀರ್ಪು ಹೇಳುತ್ತೆ.

ಇನ್ನು ಪಿಯುಸಿ

ನಾವೆಲ್ಲ ಪಾಸಾಗಿ ಬಂದ ಪಿಯುಸಿ ಅಲ್ಲ, ಎಮಿಷನ್ ಟೆಸ್ಟಿನ ಪಿಯುಸಿ. ಇದರ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡಿದಷ್ಟು ತಪ್ಪು ಮಾಹಿತಿ ಬೇರೆ ಯಾವುದರ ಬಗ್ಗೆಯೂ ಇಲ್ಲ. 2017ರ ಆಗಸ್ಟ್ 10ರಂದು ಸುಪ್ರೀಂ ಕೋರ್ಟ್, ಪಿಯುಸಿ ಇಲ್ಲದ ಗಾಡಿಯ ಇನ್ಶೂರೆನ್ಸ್ ನವೀಕರಿಸಬೇಡಿ ಅಂತ ಕಂಪನಿಗಳಿಗೆ ಹೇಳಿತ್ತು. ಅದನ್ನೇ ಜನ "ಪಿಯುಸಿ ಇಲ್ಲಾಂದ್ರೆ ಕ್ಲೇಮ್ ಇಲ್ಲ" ಅಂತ ಮಾಡಿದರು. 2020ರ ಆಗಸ್ಟ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವೇ, ಪಿಯುಸಿ ಇಲ್ಲ ಅನ್ನೋದು ಕ್ಲೇಮ್ ತಿರಸ್ಕರಿಸಲು ಕಾರಣ ಅಲ್ಲ ಅಂತ ಸ್ಪಷ್ಟ ಮಾಡಿತು. ಆ ಷರತ್ತಿನಿಂದ ಎಷ್ಟೋ ಗಾಡಿಗಳು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೇ ಓಡುವಂತಾಗುತ್ತೆ ಅನ್ನೋ ಕಾರಣಕ್ಕೆ 2024ರ ಜುಲೈನಲ್ಲಿ ಕೋರ್ಟ್ ಆ ಷರತ್ತನ್ನೇ ತೆಗೆಯಿತು. ಎಮಿಷನ್ ಇಲ್ಲದಿದ್ದರೆ ದಂಡ ಮಾತ್ರ ಇದ್ದೇ ಇದೆ.

ಕ್ಲೇಮ್ ತಿರಸ್ಕಾರ ಆದರೆ

ಫೋನಿನಲ್ಲಿ "ಆಗಲ್ಲ" ಅಂದರೆ ಅಲ್ಲಿಗೆ ಬಿಡಬೇಡಿ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕಾರಣ ಟ್ಯಾಕ್ಸ್ ಅಥವಾ ಪಿಯುಸಿ ಮಾತ್ರ ಆಗಿದ್ದರೆ ನಿಮ್ಮ ಕಡೆ ಗಟ್ಟಿ ವಾದ ಇದೆ. ಕಾರಣ ಎಫ್‌ಸಿ ಅಥವಾ ಮುಗಿದ ಆರ್‌ಸಿ ಆಗಿದ್ದರೆ ಕಷ್ಟ, ಆದರೂ ಕೇಳಬೇಕು. ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿರೋ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ಇಲ್ಲವೇ ಬಾಗಲಕೋಟೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಹೆಡ್ ಆಫೀಸ್ ಇರೋ ಊರಿಗೆ ಓಡಬೇಕಿಲ್ಲ.

ಐದು ತಾರೀಕು

ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರು ಹಾಕಿದರೆ ಐದು ಸಂಗತಿ ಕಾಣುತ್ತವೆ: ನೋಂದಣಿ ಎಲ್ಲಿಯವರೆಗೆ, ಫಿಟ್ನೆಸ್ ಎಲ್ಲಿಯವರೆಗೆ, ಟ್ಯಾಕ್ಸ್ ಎಲ್ಲಿಯವರೆಗೆ, ಇನ್ಶೂರೆನ್ಸ್ ಎಲ್ಲಿಯವರೆಗೆ, ಪಿಯುಸಿ ಎಲ್ಲಿಯವರೆಗೆ. ಸ್ವಂತ ಬೈಕಿನ ಟ್ಯಾಕ್ಸ್ ಮುಂದೆ ಎಲ್‌ಟಿಟಿ ಅಂತ ಇದ್ದರೆ ಜೀವಿತಾವಧಿ ತೆರಿಗೆ ಕಟ್ಟಿದೆ ಅಂತ ಅರ್ಥ. ನಾವೆಲ್ಲ ಸಾಮಾನ್ಯವಾಗಿ ನಾಲ್ಕನೇ ತಾರೀಕು ನೋಡಿ ಆ್ಯಪ್ ಮುಚ್ಚುತ್ತೇವೆ. ಇನ್ನು ಮೇಲೆ ಮೊದಲ ಎರಡು ತಾರೀಕು ಮೊದಲು ನೋಡೋಣ. ಅವೆರಡು ಮುಂದಿದ್ದರೆ ನಾಲ್ಕನೆಯದಕ್ಕೆ ಬೆಲೆ.

ಈ ವಾರ ಮನೆಗೆ ಫೋನ್ ಮಾಡಿದಾಗ ಬರೀ "ಊಟ ಆತೇನು" ಅಂತ ಕೇಳಿ ಇಡಬೇಡಿ. ಬೈಕು, ಟ್ರ್ಯಾಕ್ಟರ್, ಟ್ರೇಲರ್, ಏಸ್, ಮನೆಯಲ್ಲಿ ಇರೋ ಪ್ರತಿ ಗಾಡಿಯ ನಂಬರನ್ನೂ ಕೇಳಿ ಬರೆದುಕೊಳ್ಳಿ. ಆ್ಯಪ್ ಬಳಸೋದು ಅಪ್ಪಾಜಿಗಿಂತ ನಮಗೆ ಸಲೀಸು. ಯಾವುದಾದರೂ ತಾರೀಕು ದಾಟಿದ್ದರೆ, ನವೀಕರಣ ಆಗೋತನಕ ಗಾಡಿಯನ್ನು ಅಂಗಳದಲ್ಲೇ ನಿಲ್ಲಿಸಿ ಅಂತ ಅವತ್ತೇ ಹೇಳಿ.